ಡಿ ಅಂಡ್ ಡಿ ಆಟ ಯಾರದ್ದು? ಗೈಗ್ಯಾಕ್ಸ್ ಕಟ್ಟಿದ್ದು, ಕಳೆದುಕೊಂಡಿದ್ದು

ಪ್ರಶ್ನೆ: ನಾವು ನಾಲ್ಕೈದು ಗೆಳೆಯರು ವಾರಕ್ಕೊಮ್ಮೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಈ ಆಟ ಮಾಡಿದ್ದು ಗ್ಯಾರಿ ಗೈಗ್ಯಾಕ್ಸ್ ಎಂದು ನಮ್ಮಲ್ಲೊಬ್ಬ ಹೇಳುತ್ತಾನೆ. ಅಲ್ಲ, ನಿಜವಾಗಿ ಮಾಡಿದ್ದು ಡೇವ್ ಆರ್ನಸನ್, ಗೈಗ್ಯಾಕ್ಸ್ ಹೆಸರು ಹೊಡೆದುಕೊಂಡರು ಎಂದು ಇನ್ನೊಬ್ಬನ ವಾದ. ಕೊನೆಗೆ ಗೈಗ್ಯಾಕ್ಸ್ ಅವರನ್ನೇ ಅವರ ಕಂಪನಿಯಿಂದ ಹೊರಗೆ ಹಾಕಿದರಂತೆ. ಯಾವುದು ಸರಿ? ಇಂಥ ಆಟ ಬರೆಯುವುದನ್ನೇ ವೃತ್ತಿ ಮಾಡಿಕೊಂಡು ಬದುಕಲು ಆಗುತ್ತದೆಯೇ?

ಉತ್ತರ: ನಿಮ್ಮ ಗೆಳೆಯರಿಬ್ಬರೂ ಅರ್ಧರ್ಧ ಸರಿ. ಆಟ ಹುಟ್ಟಿದ್ದು ಆರ್ನಸನ್ ಅವರ ಮೇಜಿನಲ್ಲಿ. ಗುರುತು ಪರಿಚಯ ಇಲ್ಲದ ಜನರೂ ಆಡುವಂತೆ ಅದನ್ನು ಬರೆದಿಟ್ಟಿದ್ದು ಗೈಗ್ಯಾಕ್ಸ್. ಕಂಪನಿ ಕೈತಪ್ಪಿದ್ದೂ ನಿಜ, ಆದರೆ ಒಂದು ದಿನ ಯಾರೋ ಬಂದು ಬಾಗಿಲು ತೋರಿಸಿದರು ಅನ್ನುವ ಹಾಗೆ ಅಲ್ಲ. ಇದು ಒಬ್ಬರು ಕಥೆ ನಡೆಸುತ್ತಾ, ಮಿಕ್ಕವರು ಒಂದೊಂದು ಪಾತ್ರವಾಗಿ, ದಾಳ ಎಸೆಯುತ್ತಾ ಬಾಯಿಮಾತಿನಲ್ಲಿ ನಡೆಯುವ ಆಟ. ಇಂಥದ್ದಕ್ಕೆ ಯಜಮಾನ ಯಾರು ಎಂಬ ಜಗಳ ಬಂದಾಗ ತೀರ್ಪು ಕೊಡುವುದು ಕಾಗದ. ಗೈಗ್ಯಾಕ್ಸ್ ಮೇಲೆ ಬಂದಿದ್ದು ಕಾಗದದಿಂದ, ಕೆಳಗೆ ಬಿದ್ದಿದ್ದೂ ಕಾಗದದಿಂದ. ಮೊದಲನೆಯದು ಟೈಪ್ ಮಾಡಿದ ಹಾಳೆ, ಎರಡನೆಯದು ಷೇರು.

ಮೊದಲು ಮನುಷ್ಯನ ಪರಿಚಯ. ಅರ್ನೆಸ್ಟ್ ಗ್ಯಾರಿ ಗೈಗ್ಯಾಕ್ಸ್ ಹುಟ್ಟಿದ್ದು 1938ರ ಜುಲೈ 27ರಂದು, ಷಿಕಾಗೊದಲ್ಲಿ. ತಂದೆ ಸ್ವಿಟ್ಜರ್ಲೆಂಡಿನಿಂದ ಬಂದು ನೆಲೆಸಿದ ಪಿಟೀಲು ವಾದಕರು. 1946ರಲ್ಲಿ ಸಂಸಾರ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿಗೆ ಬಂತು. ಹುಡುಗ ಹೈಸ್ಕೂಲು ಮುಗಿಸಲಿಲ್ಲ. ಸ್ವಲ್ಪ ದಿನ ಮರೀನ್ ಪಡೆಗೆ ಸೇರಿ, ಆರೋಗ್ಯ ಕೆಟ್ಟು ವಾಪಸ್ ಬಂದರು. 1958ರಲ್ಲಿ ಮದುವೆ. ಅದೇ ವರ್ಷದ ಕೊನೆಗೆ ಗೆಟಿಸ್‌ಬರ್ಗ್ ಎಂಬ ಯುದ್ಧದಾಟ, ಅಂದರೆ ಕಾಳಗವನ್ನು ಮೇಜಿನ ಮೇಲೆ ಆಡುವ ಆಟ, ಕೈಗೆ ಸಿಕ್ಕಿತು, ಅಲ್ಲಿಂದ ಹುಚ್ಚು ಹಿಡಿಯಿತು. ಹೊಟ್ಟೆಪಾಡಿಗೆ ಷಿಕಾಗೊದ ವಿಮಾ ಕಂಪನಿಯೊಂದರಲ್ಲಿ ಅಂಡರ್‌ರೈಟರ್ ಕೆಲಸ. ಯಾರಿಗೆ ಎಷ್ಟು ಅಪಾಯ, ಅದಕ್ಕೆ ಎಷ್ಟು ಕಂತು ಎಂದು ಲೆಕ್ಕ ಹಾಕುವ ನೌಕರಿ. ಮುಂದೆ ಅವರು ಬರೆದ ಪುಸ್ತಕಗಳಲ್ಲಿ ಎಲ್ಲದಕ್ಕೂ ಒಂದು ಕೋಷ್ಟಕ ಇರುತ್ತದೆ. ಬಾಗಿಲು ಒಡೆಯುವುದಕ್ಕೂ, ರೋಗ ಬರುವುದಕ್ಕೂ, ದಾರಿಯಲ್ಲಿ ಯಾರು ಎದುರಾಗುತ್ತಾರೆ ಅನ್ನುವುದಕ್ಕೂ. ಅದನ್ನು ನೋಡಿದಾಗೆಲ್ಲ ನನಗೆ ಈ ನೌಕರಿ ನೆನಪಾಗುತ್ತದೆ.

ಮನೆಯಲ್ಲಿ ಐದು ಮಕ್ಕಳು. ಆದರೂ ಬಿಡುವೆಲ್ಲ ಯುದ್ಧದಾಟಕ್ಕೆ. 1967ರಲ್ಲಿ ಇಪ್ಪತ್ತು ಜನ ಆಟಗಾರರನ್ನು ಮನೆಗೇ ಕರೆದರು. ಮರುವರ್ಷ ಊರಿನ ಹಾರ್ಟಿಕಲ್ಚರಲ್ ಹಾಲ್ ಅನ್ನು 50 ಡಾಲರ್ ಬಾಡಿಗೆಗೆ ಹಿಡಿದು ಜೆನ್ ಕಾನ್ ಎಂಬ ಹೆಸರಿನಲ್ಲಿ ಕೂಟ ನಡೆಸಿದರು. ಆ ಕೂಟ ಈಗ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತದೆ. 2023ರಲ್ಲಿ ಬಂದವರು 70,000ಕ್ಕೂ ಜಾಸ್ತಿ.

1970ರ ಅಕ್ಟೋಬರಿನಲ್ಲಿ ವಿಮಾ ಕೆಲಸ ಹೋಯಿತು. ಮತ್ತೆ ಅಂಥ ಕೆಲಸ ಹುಡುಕಲಿಲ್ಲ. ಮನೆಯ ನೆಲಮಾಳಿಗೆಯಲ್ಲಿ ಬೂಟು ರಿಪೇರಿ ಶುರು ಮಾಡಿದರು. ಜೊತೆಗೆ ಗೈಡನ್ ಗೇಮ್ಸ್ ಎಂಬ ಸಣ್ಣ ಪ್ರಕಾಶನಕ್ಕೆ ಆಟದ ನಿಯಮ ತಿದ್ದಿಕೊಡುವ ಕೆಲಸ. ಅಲ್ಲಿಂದಲೇ 1971ರಲ್ಲಿ ಜೆಫ್ ಪೆರೆನ್ ಜೊತೆ ಸೇರಿ ಬರೆದ ಚೈನ್‌ಮೇಲ್ ಹೊರಬಂತು. ಪುಟ್ಟ ಲೋಹದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಮಧ್ಯಯುಗದ ಕಾಳಗ ಆಡುವ ನಿಯಮಾವಳಿ ಅದು. ಅದರ ಕೊನೆಗೆ ಮಾಂತ್ರಿಕರು, ದೈತ್ಯರು, ಡ್ರ್ಯಾಗನ್‌ಗಳು ಬರುವ ಕೆಲವೇ ಪುಟಗಳ ಒಂದು ಭಾಗ ಇತ್ತು. ಎಲ್ಲ ಶುರುವಾಗಿದ್ದು ಆ ಪುಟಗಳಿಂದ.

ಈಗ ಇನ್ನೊಂದು ಊರಿಗೆ ಬರೋಣ. ಮಿನೆಸೋಟಾದ ಅವಳಿ ನಗರಗಳಲ್ಲಿ ಡೇವಿಡ್ ವೆಸ್ಲಿ ಎಂಬುವರು ನೆಪೋಲಿಯನ್ ಕಾಲದ ಒಂದು ಯುದ್ಧದಾಟ ಏರ್ಪಡಿಸಿದ್ದರು. ಸೇನೆಗಳು ಎದುರಾಗುವ ಬ್ರೌನ್‌ಸ್ಟೈನ್ ಎಂಬ ಊರಿನಲ್ಲಿ ಒಬ್ಬರು ಮೇಯರ್, ಇನ್ನೊಬ್ಬರು ಕಾಲೇಜು ಹುಡುಗ, ಹೀಗೆ ಒಬ್ಬೊಬ್ಬರಿಗೆ ಒಂದು ಪಾತ್ರ ಕೊಟ್ಟರು. ಆಟಗಾರರು ಯುದ್ಧ ಮರೆತು ತಮ್ಮ ತಮ್ಮ ಪಾತ್ರದಲ್ಲೇ ಮುಳುಗಿದರು. ಪರಸ್ಪರ ಸಂಚು, ಪಿಸುಮಾತು, ಸುಳ್ಳು. ಸೈನ್ಯ ಮೇಜಿಗೆ ಬರುವಷ್ಟರಲ್ಲಿ ಎಲ್ಲ ಗಲಿಬಿಲಿ. ವೆಸ್ಲಿ ಇದು ಕೆಟ್ಟುಹೋಯಿತು ಅಂದುಕೊಂಡರು. ಆಟಗಾರರು ಮಾತ್ರ ಇಂಥದ್ದೇ ಇನ್ನೊಂದು ಬೇಕು ಎಂದರು. ಆ ಗುಂಪಿನಲ್ಲಿದ್ದವರು ಡೇವ್ ಆರ್ನಸನ್. 1947ರಲ್ಲಿ ಹುಟ್ಟಿದವರು, ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ವಿದ್ಯಾರ್ಥಿ.

ಆರ್ನಸನ್ 1971ರ ಹೊತ್ತಿಗೆ ಬ್ಲ್ಯಾಕ್‌ಮೂರ್ ಎಂಬ ತಮ್ಮದೇ ಲೋಕ ಕಟ್ಟಿದರು. ಅಲ್ಲೊಂದು ಕೋಟೆ, ಕೋಟೆಯ ಕೆಳಗೆ ಸುರಂಗಗಳು. ಮೊದಮೊದಲು ಹೊಡೆದಾಟಕ್ಕೆ ಚೈನ್‌ಮೇಲ್ ನಿಯಮಗಳನ್ನೇ ಹಿಡಿದರು. ಅದರಲ್ಲಿ ಒಂದು ತೊಡಕಿತ್ತು. ಚೈನ್‌ಮೇಲ್‌ನಲ್ಲಿ ಏಟು ಬಿದ್ದರೆ ಸೈನಿಕ ಸತ್ತ, ಅಷ್ಟೇ. ನೂರು ಗೊಂಬೆಗಳಲ್ಲಿ ಒಂದು ಹೋದರೆ ಯಾರಿಗೆ ಏನು? ಆದರೆ ವಾರಗಟ್ಟಲೆ ಹೆಸರಿಟ್ಟು ಬೆಳೆಸಿದ ಪಾತ್ರ ಒಂದೇ ಏಟಿಗೆ ಹೋದರೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಆರ್ನಸನ್ ಪಾತ್ರಕ್ಕೆ ಇಂತಿಷ್ಟು ಏಟು ತಡೆಯುವ ಶಕ್ತಿ ಎಂದು ಅಂಕಿ ಕೊಟ್ಟರು. ನೀವು ಹಿಟ್ ಪಾಯಿಂಟ್ ಎನ್ನುವುದು ಅದನ್ನೇ. ಕವಚಕ್ಕೆ ದರ್ಜೆ ಕೊಡುವ ಪದ್ಧತಿ ತಮ್ಮ ಹಳೆಯ ಹಡಗು ಯುದ್ಧದಾಟದಿಂದ ಬಂತು ಎಂದು ಅವರೇ ಹೇಳಿಕೊಂಡಿದ್ದಾರೆ. ಗೆದ್ದು ಬಂದ ಪಾತ್ರ ಮುಂದಿನ ವಾರ ಇನ್ನಷ್ಟು ಬಲವಾಗುವುದೂ ಇಲ್ಲಿಂದಲೇ. ಒಬ್ಬ ಆಟಗಾರ, ಒಂದು ಪಾತ್ರ, ಮುಗಿಯದ ಕಥೆ, ಎಲ್ಲವನ್ನೂ ನೋಡಿ ನಿರ್ಧರಿಸುವ ಒಬ್ಬ ನಡೆಸುವವ. ಇಷ್ಟೂ ಬ್ಲ್ಯಾಕ್‌ಮೂರ್‌ನಲ್ಲಿ ಆಗಲೇ ಇತ್ತು. ಆರ್ನಸನ್ ಪರ ವಾದಿಸುವ ನಿಮ್ಮ ಗೆಳೆಯ ಇಲ್ಲಿಯವರೆಗೆ ಸರಿ.

1972ರ ಕೊನೆಯಲ್ಲಿ ಆರ್ನಸನ್ ತಮ್ಮ ಗೆಳೆಯ ಡೇವಿಡ್ ಮೆಗಾರಿ ಜೊತೆ ಲೇಕ್ ಜಿನೀವಾಗೆ ಬಂದು ಗೈಗ್ಯಾಕ್ಸ್ ಅವರಿಗೆ ಈ ಆಟ ಆಡಿಸಿದರು. ಗೈಗ್ಯಾಕ್ಸ್ ನಿಯಮ ಕಳಿಸಿ ಎಂದರು. ಬಂದಿದ್ದು ಇಪ್ಪತ್ತು ಪುಟದ ಆಸುಪಾಸು ಕೈಬರಹದ ಟಿಪ್ಪಣಿ. ಆರ್ನಸನ್‌ಗೆ ಅದು ಸಾಕಿತ್ತು, ಏಕೆಂದರೆ ಮಿಕ್ಕಿದ್ದು ಅವರ ತಲೆಯಲ್ಲಿತ್ತು. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಕೈಯಲ್ಲಿದ್ದರೂ ಅರ್ಥ ಕೂತಲ್ಲೇ ಹುಟ್ಟಬೇಕು, ಅಲ್ವಾ? ಹಾಗೆ. ಒಳ್ಳೆ ಅರ್ಥಧಾರಿ ಇದ್ದರೆ ರಾತ್ರಿ ಹೋಗಿದ್ದೇ ಗೊತ್ತಾಗುವುದಿಲ್ಲ, ಆದರೆ ಅವರನ್ನು ಅಂಚೆಯಲ್ಲಿ ಕಳಿಸಲು ಬರುವುದಿಲ್ಲ.

ಗೈಗ್ಯಾಕ್ಸ್ ಮಾಡಿದ್ದು ಈ ಕೆಲಸವನ್ನೇ. ಟೈಪ್‌ರೈಟರ್ ಮುಂದೆ ಕೂತು ಮೊದಲು ಸುಮಾರು 50 ಪುಟ ಬರೆದರು. ತಮ್ಮ ಮಕ್ಕಳನ್ನೂ ಊರಿನ ಗೆಳೆಯರನ್ನೂ ಕೂರಿಸಿಕೊಂಡು ಗ್ರೇಹಾಕ್ ಎಂಬ ತಮ್ಮದೇ ಕೋಟೆಯಲ್ಲಿ ಆಡಿಸಿದರು. ಹಸ್ತಪ್ರತಿಯನ್ನು ಬೇರೆ ಆಟಗಾರರಿಗೆ ಕಳಿಸಿ, ಬಂದ ಆಕ್ಷೇಪ ನೋಡಿ ಮತ್ತೆ ಬರೆದರು, ಹಿಗ್ಗಿಸಿದರು. ಹೆಸರಿಗಾಗಿ ಎರಡು ಪಟ್ಟಿ ಪದ ಬರೆದು ಮನೆಯವರ ಮುಂದೆ ಓದಿದರು. ಸಣ್ಣ ಮಗಳಿಗೆ ಇಷ್ಟವಾದ ಜೋಡಿಯೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್.

ಬರೆಯುವುದು ಅಂದರೆ ಬರೀ ಚೊಕ್ಕ ಮಾಡುವುದು ಅಂದುಕೊಳ್ಳಬೇಡಿ. ದಾಳದ ಮಾತನ್ನೇ ತೆಗೆದುಕೊಳ್ಳಿ. ಪಾತ್ರದ ಶಕ್ತಿ, ಬುದ್ಧಿಗಳಿಗೆ ಆರು ಮುಖದ ಮೂರು ದಾಳ ಎಸೆದು ಕೂಡಿಸುತ್ತೀರಿ. ಒಟ್ಟು 216 ಬಗೆಯಲ್ಲಿ ಬೀಳಬಹುದು. ಅದರಲ್ಲಿ 18 ಬರುವುದು ಒಂದೇ ಬಗೆಯಲ್ಲಿ, 10 ಬರುವುದು 27 ಬಗೆಯಲ್ಲಿ. ಹಾಗಾಗಿ ಜಾಸ್ತಿ ಜನ ನಡುಮಟ್ಟದವರೇ ಆಗುತ್ತಾರೆ, 18 ಬಿದ್ದವನು ಮಾತ್ರ ಜನ್ಮವಿಡೀ ಅದನ್ನು ಹೇಳಿಕೊಂಡು ತಿರುಗುತ್ತಾನೆ. ಹೊಡೆದಾಟಕ್ಕೆ ಬಂದರೆ ಇಪ್ಪತ್ತು ಮುಖದ ಒಂದೇ ದಾಳ. ಅಲ್ಲಿ ಪ್ರತಿ ಅಂಕಿಗೂ ಸರಿಯಾಗಿ ನೂರಕ್ಕೆ ಐದರ ಅವಕಾಶ. ಹುಟ್ಟು ಗುಣ ನಡುವಿಗೆ ಜಗ್ಗಬೇಕು, ಕಾಳಗದಲ್ಲಿ ಏನು ಬೇಕಾದರೂ ಆಗಬಹುದು. ಈ ಎರಡು ಭಾವನೆಗೆ ಎರಡು ಬಗೆಯ ದಾಳ. ಆ ವಿಚಿತ್ರ ಮುಖಗಳ ದಾಳಗಳು ಆಗ ಆಟದ ಅಂಗಡಿಯಲ್ಲಿ ಸಿಗುವ ವಸ್ತು ಅಲ್ಲ. ಶಾಲೆಗಳಿಗೆ ಗಣಿತದ ಸಾಮಾನು ಮಾರುವವರ ಕ್ಯಾಟಲಾಗಿನಲ್ಲಿ ಸಿಕ್ಕವು.

ನನಗೆ ತುಂಬ ಇಷ್ಟವಾದ ಉದಾಹರಣೆ ಇನ್ನೊಂದಿದೆ. ಹಾಂಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳ ಪೊಟ್ಟಣ ಆಗ ಸಿಗುತ್ತಿತ್ತು. ಮೇಲೆ ಇತಿಹಾಸಪೂರ್ವ ಪ್ರಾಣಿಗಳು ಎಂದು ಬರೆದಿದ್ದರೂ ಒಳಗಿದ್ದವು ಯಾವ ಕಾಲದಲ್ಲೂ ಇರದ ಪ್ರಾಣಿಗಳು. ಮೇಜಿನ ಮೇಲೆ ರಾಕ್ಷಸರಾಗಿ ನಿಲ್ಲಿಸಲು ಗೈಗ್ಯಾಕ್ಸ್ ಅವನ್ನು ತಂದರು. ಬಾಲದ ತುದಿಯಲ್ಲಿ ಪಂಖದಂಥದ್ದು ಇದ್ದ ಒಂದು ಗೊಂಬೆ ರಸ್ಟ್ ಮಾನ್ಸ್ಟರ್ ಆಯಿತು. ಅದು ಮುಟ್ಟಿದರೆ ಕಬ್ಬಿಣ ತುಕ್ಕಾಗಿ ಉದುರುತ್ತದೆ, ಅದನ್ನು ಅದು ತಿನ್ನುತ್ತದೆ. ಮನುಷ್ಯನಿಗೆ ಹೆಚ್ಚೇನೂ ಮಾಡುವುದಿಲ್ಲ. ಈಗ ಮೇಜು ನೋಡಿ. ಉಕ್ಕಿನ ಕವಚ ತೊಟ್ಟ ಶೂರ ಎಲ್ಲರಿಗಿಂತ ಮುಂಚೆ ಹಿಂದಕ್ಕೆ ಓಡುತ್ತಾನೆ. ಬಟ್ಟೆ ತೊಟ್ಟ ಮಾಂತ್ರಿಕ ದೊಣ್ಣೆ ಹಿಡಿದು ಮುಂದೆ ಬರುತ್ತಾನೆ. ಒಂದು ಪುಡಿಗಾಸಿನ ಗೊಂಬೆ, ಎರಡು ಸಾಲಿನ ನಿಯಮ, ಇಡೀ ಗುಂಪಿನ ನಡೆ ತಲೆಕೆಳಗು. ಆಟ ಬರೆಯುವವರ ಕಸುಬು ಇದು. ಗೈಗ್ಯಾಕ್ಸ್ ಬರೀ ಗುಮಾಸ್ತಿಕೆ ಮಾಡಿದರು ಅನ್ನುವವರಿಗೆ ನಾನು ಈ ಪ್ರಾಣಿ ತೋರಿಸುತ್ತೇನೆ.

ಪ್ರಕಾಶಕರು ಯಾರೂ ಆಟವನ್ನು ಒಪ್ಪಲಿಲ್ಲ. 1973ರ ಅಕ್ಟೋಬರಿನಲ್ಲಿ ಗೈಗ್ಯಾಕ್ಸ್ ತಮ್ಮ ಬಾಲ್ಯದ ಗೆಳೆಯ ಡಾನ್ ಕೇ ಜೊತೆ ಟ್ಯಾಕ್ಟಿಕಲ್ ಸ್ಟಡೀಸ್ ರೂಲ್ಸ್ ಎಂಬ ಪಾಲುದಾರಿಕೆ ಶುರು ಮಾಡಿದರು. ಮುಂದೆ ಟಿಎಸ್‌ಆರ್ ಎಂದು ಹೆಸರಾಗಿದ್ದು ಇದೇ. ಡಾನ್ ಕೇ ತಮ್ಮ ಜೀವವಿಮೆಯ ಮೇಲೆ 1,000 ಡಾಲರ್ ಸಾಲ ತೆಗೆದು ಹಾಕಿದರು. ಅದು ಸಾಲಲಿಲ್ಲ. ಬ್ರಯಾನ್ ಬ್ಲೂಮ್ ಎಂಬ ಇನ್ನೊಬ್ಬ ಆಟಗಾರ 2,000 ಡಾಲರ್ ತಂದು ಮೂರನೇ ಪಾಲುದಾರರಾದರು. 1974ರ ಜನವರಿಯಲ್ಲಿ ಆಟ ಬಂತು. ಮೂರು ತೆಳು ಪುಸ್ತಿಕೆಗಳ ಪೆಟ್ಟಿಗೆ, ಬೆಲೆ 10 ಡಾಲರ್, 1,000 ಪ್ರತಿ. ಪೆಟ್ಟಿಗೆ ಕಟ್ಟಿದ್ದೂ ಕೈಯಿಂದಲೇ. ವರ್ಷ ತುಂಬುವುದರೊಳಗೆ ಮುಗಿದವು. ಪುಸ್ತಿಕೆಯ ಮೇಲೆ ಗೈಗ್ಯಾಕ್ಸ್, ಆರ್ನಸನ್ ಇಬ್ಬರ ಹೆಸರೂ ಇದೆ. ನಿಮ್ಮ ಗೆಳೆಯರಿಗೆ ಅದನ್ನೇ ತೋರಿಸಿ.

ಇಲ್ಲಿಂದ ಕಥೆ ಲೆಕ್ಕಪತ್ರದ ಕಡೆ ತಿರುಗುತ್ತದೆ. 1975ರ ಜನವರಿ ಕೊನೆಯಲ್ಲಿ ಡಾನ್ ಕೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 36. ಅವರ ಪಾಲನ್ನು ಕೊಳ್ಳಬೇಕಾಯಿತು. ಗೈಗ್ಯಾಕ್ಸ್ ಹತ್ತಿರ ದುಡ್ಡಿಲ್ಲ. ಬ್ಲೂಮ್ ಕುಟುಂಬದ ಹತ್ತಿರ ಇತ್ತು. ಹೊಸದಾಗಿ ಕಂಪನಿ ನೋಂದಾಯಿಸಿದಾಗ ಬ್ಲೂಮ್ ಮನೆಯವರ ಷೇರು ಜಾಸ್ತಿಯಾಗಿ ಗೈಗ್ಯಾಕ್ಸ್ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಆಟ ಓಡುತ್ತಿದ್ದ ದಿನಗಳಲ್ಲಿ ಇದು ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ. ಹತ್ತು ವರ್ಷದ ನಂತರ ಕುತ್ತಿಗೆಗೆ ಬಂದಿದ್ದು ಇದೇ.

ಆರ್ನಸನ್ 1976ರ ಶುರುವಿನಲ್ಲಿ ಟಿಎಸ್‌ಆರ್ ಕೆಲಸಕ್ಕೆ ಬಂದು ವರ್ಷದೊಳಗೇ ಬಿಟ್ಟರು. 1977ರ ಕೊನೆಯಿಂದ 1979ರವರೆಗೆ ಗೈಗ್ಯಾಕ್ಸ್ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಹೊಸ ಹೆಸರಿನಲ್ಲಿ ಮೂರು ದಪ್ಪ ಪುಸ್ತಕ ಬರೆದರು. ರಾಕ್ಷಸರದ್ದೊಂದು, ಆಟಗಾರರದ್ದೊಂದು, ನಡೆಸುವವರದ್ದೊಂದು. ಇದು ಬೇರೆಯೇ ಆಟ, ಇದಕ್ಕೆ ಆರ್ನಸನ್‌ಗೆ ರಾಯಲ್ಟಿ ಕೊಡಬೇಕಿಲ್ಲ ಎಂಬುದು ಕಂಪನಿಯ ನಿಲುವು. ಆರ್ನಸನ್ 1979ರಲ್ಲಿ ದಾವೆ ಹೂಡಿದರು. 1981ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ಇಬ್ಬರೂ ಈ ಆಟದ ಸಹ-ಕರ್ತೃಗಳು ಎಂದು ಹೇಳುವ ವಾಡಿಕೆ ಆ ರಾಜಿಯಿಂದ ಬಂದಿದ್ದು.

ನನ್ನ ಅಭಿಪ್ರಾಯ ಕೇಳಿದರೆ ಬೇರೆ ಆಟ ಎಂಬ ವಾದ ನಿಲ್ಲುವಂಥದ್ದಲ್ಲ. ಹಿಟ್ ಪಾಯಿಂಟ್ ಅದೇ, ಕವಚದ ದರ್ಜೆ ಅದೇ, ಪಾತ್ರ ಬಲವಾಗುತ್ತಾ ಏರುವ ಲೆವೆಲ್ ಅದೇ. ಹಾಗೆಂದು ಆ ಮೂರು ಪುಸ್ತಕ ಕದ್ದ ಮಾಲೂ ಅಲ್ಲ. ಅದರ ವಾಕ್ಯ, ಹಠ, ಯಾರೂ ಬಳಸದ ಹಳೇ ಪದಗಳ ಮೇಲಿನ ಮೋಹ, ಮಧ್ಯೆ ಮಧ್ಯೆ ಓದುಗರಿಗೆ ಬೈಯುವ ಗತ್ತು, ಎಲ್ಲ ಗೈಗ್ಯಾಕ್ಸ್ ಅವರದ್ದೇ. ಆರ್ನಸನ್ ಕೈಯಿಂದ ಅದು ಬರುತ್ತಿರಲಿಲ್ಲ. ಬ್ಲ್ಯಾಕ್‌ಮೂರ್ ಇಲ್ಲದೆ ಗೈಗ್ಯಾಕ್ಸ್ ಕೈಯಿಂದಲೂ ಬರುತ್ತಿರಲಿಲ್ಲ.

ಈ ಹೊತ್ತಿಗೆ ಆಟದ ಮೇಲೆ ಗುಲ್ಲೂ ಎದ್ದಿತ್ತು. 1979ರಲ್ಲಿ ಮಿಷಿಗನ್‌ನ ಒಬ್ಬ ವಿದ್ಯಾರ್ಥಿ ನಾಪತ್ತೆಯಾದಾಗ ಪತ್ರಿಕೆಗಳು ಆಟವನ್ನೇ ದೂರಿದವು. ಹುಡುಗ ಸಿಕ್ಕಿದ, ಆಟಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಆದರೆ ಇದು ಸೈತಾನನ ಪೂಜೆ ಎಂಬ ಮಾತು ಎಂಬತ್ತರ ದಶಕದುದ್ದಕ್ಕೂ ಹಬ್ಬಿತು. ತಮಾಷೆ ಅಂದರೆ ಮಾರಾಟ ಅದರಿಂದಲೇ ಏರಿತು.

ಗೈಗ್ಯಾಕ್ಸ್ 1983ರಲ್ಲಿ ಲಾಸ್ ಏಂಜಲೀಸ್ ಕಡೆ ಹೋದರು. ಮದುವೆ ಮುರಿದಿತ್ತು. ಬೆವರ್ಲಿ ಹಿಲ್ಸ್‌ನಲ್ಲಿ ಸಿನಿಮಾ ನಿರ್ದೇಶಕ ಕಿಂಗ್ ವಿಡಾರ್ ಅವರಿದ್ದ ಬಂಗಲೆ ಬಾಡಿಗೆಗೆ ಹಿಡಿದು ಟಿವಿ, ಸಿನಿಮಾ ವ್ಯವಹಾರ ಶುರು ಮಾಡಿದರು. ಸಿಬಿಎಸ್ ವಾಹಿನಿಯಲ್ಲಿ ಆಟದ ಕಾರ್ಟೂನ್ ಬಂತು. ಇತ್ತ ಲೇಕ್ ಜಿನೀವಾದಲ್ಲಿ ಕಂಪನಿಯ ಮೇಲೆ 15 ಲಕ್ಷ ಡಾಲರ್ ಸಾಲ ಏರಿ ಕೂತಿತ್ತು. ಅವರು ವಾಪಸ್ ಬಂದು, ಬ್ಲೂಮ್ ಸೋದರರನ್ನು ಆಡಳಿತದಿಂದ ಸರಿಸಿ, ಇನ್ನಷ್ಟು ಷೇರು ಕೊಳ್ಳಲು ತಮಗಿದ್ದ ಹಕ್ಕು ಚಲಾಯಿಸಿ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪಾಲಿನೊಂದಿಗೆ ಅಧ್ಯಕ್ಷರಾದರು. ವ್ಯವಹಾರ ನೋಡಿಕೊಳ್ಳಲು ಲೊರೇನ್ ವಿಲಿಯಮ್ಸ್ ಎಂಬುವರನ್ನು ನೇಮಿಸಿದರು. ಬ್ರಯಾನ್ ಬ್ಲೂಮ್ ಹತ್ತಿರವೂ ಇನ್ನಷ್ಟು ಷೇರು ಕೊಳ್ಳುವ ಹಕ್ಕು ಉಳಿದಿತ್ತು. ಅದನ್ನು ಚಲಾಯಿಸಿ, ಸೋದರರಿಬ್ಬರೂ ತಮ್ಮ ಪಾಲನ್ನೆಲ್ಲ ವಿಲಿಯಮ್ಸ್ ಅವರಿಗೆ ಮಾರಿದರು. 1985ರ ಅಕ್ಟೋಬರಿನ ಒಂದು ಸಭೆಯಲ್ಲಿ ಗೈಗ್ಯಾಕ್ಸ್ ಕುರ್ಚಿ ಹೋಯಿತು. ಕೋರ್ಟಿಗೆ ಹೋದರು, ಸೋತರು. 1986ರಲ್ಲಿ ರಾಜೀನಾಮೆ ಕೊಟ್ಟು ಪಾಲು ಮಾರಿ ಹೊರನಡೆದರು. ಇದನ್ನು ಬರೀ ದ್ರೋಹದ ಕಥೆಯಾಗಿ ಹೇಳುವವರು ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಬಾಗಿಲು 1975ರಲ್ಲೇ ಅರ್ಧ ತೆರೆದಿತ್ತು.

ಆಮೇಲಿನ ಇಪ್ಪತ್ತು ವರ್ಷ ಅವರು ಬರೆಯುತ್ತಲೇ ಇದ್ದರು. 1992ರಲ್ಲಿ ಡೇಂಜರಸ್ ಡೈಮೆನ್ಷನ್ಸ್ ಎಂಬ ಹೊಸ ಆಟ ಘೋಷಿಸಿದರೆ, ಹೆಸರಿನ ಎರಡು ಡಿ ಅಕ್ಷರಗಳಿಗೇ ಟಿಎಸ್‌ಆರ್ ತಕರಾರು ತೆಗೆಯಿತು. ಡೇಂಜರಸ್ ಜರ್ನೀಸ್ ಎಂದು ಬದಲಿಸಿದರು. ಆಗಲೂ ದಾವೆ ಬಂತು. ಕೊನೆಗೆ ಟಿಎಸ್‌ಆರ್ ಆ ಆಟದ ಹಕ್ಕನ್ನೇ ಕೊಂಡು ಮೂಲೆಗೆ ಹಾಕಿತು. 1997ರಲ್ಲಿ ಟಿಎಸ್‌ಆರ್ ತಾನೇ ಸಾಲದಲ್ಲಿ ಮುಳುಗಿದಾಗ ವಿಝಾರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಆಟದ ಕಂಪನಿ ಅದನ್ನು ಕೊಂಡಿತು. ಹೊಸ ಮಾಲೀಕರು ಗೈಗ್ಯಾಕ್ಸ್‌ಗೂ ಆರ್ನಸನ್‌ಗೂ ದುಡ್ಡು ಕೊಟ್ಟು ಹಳೇ ಬಾಕಿ ತೀರಿಸಿದರು. 2000ದ ಮೂರನೇ ಆವೃತ್ತಿಯ ಹೆಸರಿನಲ್ಲಿ ಅಡ್ವಾನ್ಸ್ಡ್ ಎಂಬ ಪದ ಇಲ್ಲ. ಅದು ಇರಬೇಕಾದ ಕಾರಣವೇ ಹೋಗಿತ್ತಲ್ಲ!

ಗೈಗ್ಯಾಕ್ಸ್ 2008ರ ಮಾರ್ಚ್ 4ರಂದು ಲೇಕ್ ಜಿನೀವಾದಲ್ಲೇ ತೀರಿಕೊಂಡರು. ಆರ್ನಸನ್ ಮರುವರ್ಷ ಏಪ್ರಿಲ್ 7ರಂದು. ಆರ್ನಸನ್ ಕೊನೆಯ ವರ್ಷಗಳಲ್ಲಿ ಫ್ಲಾರಿಡಾದ ಫುಲ್ ಸೇಲ್ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದರು. ವಿಷಯ ಏನು ಗೊತ್ತೇ? ಆಟದ ನಿಯಮಗಳನ್ನು ಸ್ಪಷ್ಟವಾಗಿ ಬರೆದಿಡುವುದು ಹೇಗೆ ಎಂದು. ಇಪ್ಪತ್ತು ಪುಟದ ಟಿಪ್ಪಣಿ ಕಳಿಸಿದ್ದ ಮನುಷ್ಯ!

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಹೊಟ್ಟೆಪಾಡು. ಬರೀ ಇದರಿಂದ ಬದುಕುವವರು ಕಡಿಮೆ. ಬಿಡಿಯಾಗಿ ಬರೆಯುವವರಿಗೆ ಪದಕ್ಕಿಷ್ಟು ಎಂದು ಕೊಡುವುದು ಈ ರಂಗದ ಹಳೇ ಪದ್ಧತಿ, ಆ ದರ ಯಾವತ್ತೂ ದೊಡ್ಡದಲ್ಲ. ಹಾಗಾಗಿ ಒಳ್ಳೆಯ ಕೈಗಳು ವಿಡಿಯೊ ಗೇಮ್ ಕಡೆ ಹೋದವು. 1981ರಲ್ಲಿ ಕಾಲ್ ಆಫ್ ಕ್ತುಲ್ಹು ಬರೆದು, ಪಾತ್ರದ ಬುದ್ಧಿಸ್ಥಿಮಿತವನ್ನೇ ಅಂಕಿ ಮಾಡಿ ಕರಗಿಸುತ್ತಾ ಹೋದ ಸ್ಯಾಂಡಿ ಪೀಟರ್ಸನ್ ಮುಂದೆ ಡೂಮ್ ಆಟದ ತಂಡದಲ್ಲಿದ್ದರು. ಸುರಂಗಗಳಿಗೆ ಹತ್ತಾರು ದಾರಿ, ಮರಳಿ ಬರುವ ತಿರುವು ಇಟ್ಟು ಬರೆದ ಜೆನೆಲ್ ಜಾಕ್ವೇಸ್ ಕೂಡ ಅದೇ ಕಂಪನಿಯಲ್ಲಿ ಕ್ವೇಕ್ ಸರಣಿಗೆ ಹಂತಗಳನ್ನು ಕಟ್ಟಿದರು. ಗ್ರೆಗ್ ಸ್ಟ್ಯಾಫರ್ಡ್ ಮಾತ್ರ 1975ರಲ್ಲಿ ಕೇಯೋಸಿಯಮ್ ಎಂಬ ಸ್ವಂತ ಪ್ರಕಾಶನ ತೆರೆದು, ಏಳುಬೀಳು ಕಂಡರೂ ಕೊನೆತನಕ ಈ ಆಟಗಳನ್ನು ಬಿಡಲಿಲ್ಲ.

ಈಗ ಒಂದು ಅನುಕೂಲ ಇದೆ. ಓದುಗರಿಂದಲೇ ಮುಂಗಡ ಎತ್ತಿ ಅಚ್ಚು ಹಾಕಿಸಬಹುದು. ಅಮೆರಿಕದ ಕಾನೂನಿನಲ್ಲಿ ಆಟದ ವಿಧಾನಕ್ಕೆ ಕೃತಿಸ್ವಾಮ್ಯ ಇಲ್ಲ, ಅದನ್ನು ಬರೆದ ಮಾತುಗಳಿಗೆ ಇದೆ. 2023ರ ಜನವರಿಯಲ್ಲಿ ವಿಝಾರ್ಡ್ಸ್ ತನ್ನ ನಿಯಮಗಳನ್ನು ಬೇರೆಯವರು ಬಳಸಲು ಕೊಟ್ಟಿದ್ದ ಹಳೇ ಪರವಾನಗಿ ಬದಲಿಸಲು ಹೊರಟು, ಆಟಗಾರರು ತಿರುಗಿಬಿದ್ದ ಮೇಲೆ ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯ ಅಡಿ ಬಿಟ್ಟುಕೊಟ್ಟಿತು. ಅದರ ಮೂಲ ಹೇಳಿದರೆ ಸಾಕು, ನೀವು ಅದರ ಮೇಲೆ ನಿಮ್ಮದನ್ನು ಕಟ್ಟಿ ಮಾರಬಹುದು.

ನಾಲ್ಕೈದು ಗೆಳೆಯರು ಎಂದಿದ್ದೀರಿ. ಒಟ್ಟಿಗೆ ಪುಸ್ತಕ ಮಾಡುವ ಆಸೆ ಇದ್ದರೆ ಯಾರ ಹೆಸರು ಎಲ್ಲಿ, ಯಾರಿಗೆ ಎಷ್ಟು ಪಾಲು, ಹೊಸ ಆವೃತ್ತಿ ಬಂದರೆ ಏನು, ಒಬ್ಬರು ಬಿಟ್ಟುಹೋದರೆ ಅಥವಾ ತೀರಿಕೊಂಡರೆ ಅವರ ಪಾಲು ಯಾರಿಗೆ ಎಂದು ಈಗಲೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಇದು ಗೆಳೆತನದಲ್ಲಿ ಅಸಹ್ಯ ಅನ್ನಿಸುತ್ತದೆ, ಗೊತ್ತು. ಆದರೂ ಹಾಕಿ. ನಂತರ ಬರೆದಿದ್ದನ್ನು ನಿಮ್ಮ ಗುಂಪಿನಲ್ಲೇ ಆಡಿ ಚೆನ್ನಾಗಿದೆ ಅಂದುಕೊಳ್ಳಬೇಡಿ, ನೀವು ಬಾಯಲ್ಲೇ ಸರಿಮಾಡಿಬಿಡುತ್ತೀರಿ. ನಿಮ್ಮ ಪರಿಚಯ ಇಲ್ಲದ ಬೇರೆ ಗುಂಪಿಗೆ ಹಾಳೆ ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತು ನೋಡಿ. ಅವರು ಎಲ್ಲಿ ನಿಂತು ಹಿಂದಿನ ಪುಟಕ್ಕೆ ತಿರುವುತ್ತಾರೋ ಆ ಸಾಲಿಗೆ ಗುರುತು ಹಾಕಿಕೊಳ್ಳಿ. ಅದನ್ನು ತಿದ್ದಿ ಮತ್ತೊಂದು ಗುಂಪಿಗೆ ಕೊಡಿ.